ದೀಪವಾರಿದ ಮೇಲೂ ಉಳಿಯುವ ಬೆಳಕು



ಕಣ್ಣಿಗೆ ಗೀರು ಬಿದ್ದಿದೆಯೆಂದು ರೋಗಿ ಬಂದಾಗ ನಾವು ವೈದ್ಯರು ಫ್ಲೋರೆಸೀನ್ ಎಂಬ ಕಿತ್ತಳೆ ಬಣ್ಣದ ವಸ್ತುವನ್ನು ಕಣ್ಣಿಗೆ ತಾಗಿಸಿ ನೀಲಿ ಬೆಳಕಿನಲ್ಲಿ ಪರೀಕ್ಷಿಸುತ್ತೇವೆ. ಗಾಯವಿದ್ದ ಎಡೆ ಹಸಿರಾಗಿ ಹೊಳೆಯುತ್ತದೆ. ದೀಪವಾರಿಸಿದೊಡನೆ ಹೊಳಪೂ ಮಾಯ. ಆದರೆ ಅದೇ ಫ್ಲೋರೆಸೀನನ್ನು ಬೋರಿಕ್ ಆಮ್ಲದಲ್ಲಿ ಬೆರೆಸಿ ಕರಗಿಸಿ ಗಾಜಿನಂತೆ ಗಟ್ಟಿಯಾಗಿಸಿದರೆ, ದೀಪವಾರಿದ ಮೇಲೂ ಕೆಲವು ಕ್ಷಣ ಅದು ಬೆಳಗುತ್ತಲೇ ಇರುತ್ತದೆ! ಬೋರಿಕ್ ಆಮ್ಲವೆಂದರೆ ನಾವು ಊರಿನಲ್ಲಿ ಕೇರಂ ಹಲಗೆಯ ಮೇಲೆ ಉದುರಿಸುತ್ತಿದ್ದ ಪುಡಿಯೇ. (ಮಕ್ಕಳ ಬಾಯಿಗೆ ಹೋಗದಂತೆ ಎತ್ತಿಡಿ, ಹೊಟ್ಟೆಗೆ ಸೇರಿದರೆ ಅದು ವಿಷ.) ಬರ್ಕ್‌ಲಿಯಲ್ಲಿ ಜಿ. ಎನ್. ಲೂಯಿಸ್ ಮತ್ತು ಸಂಗಡಿಗರು 1941ರಲ್ಲಿ ಅಭ್ಯಸಿಸಿದುದು ಇಂತಹ ಗಾಜನ್ನೇ.

ಒಂದೇ ವಸ್ತುವಿಗೆ ಎರಡು ನಡತೆಯೇಕೆ? ಅಣುವಿನಲ್ಲಿ ಎಲೆಕ್ಟ್ರಾನುಗಳು ಸಾಮಾನ್ಯವಾಗಿ ಜೋಡಿಯಾಗಿ, ಪರಸ್ಪರ ವಿರುದ್ಧ ಗಿರಕಿಯಲ್ಲಿರುತ್ತವೆ. ಬೆಳಕು ತಾಗಿದಾಗ ಒಂದು ಎಲೆಕ್ಟ್ರಾನು ಮೇಲಿನ ಮಟ್ಟಕ್ಕೇರುತ್ತದೆ. ಅದು ಹಾಗೆಯೇ, ಕಣ್ಣೆವೆಯಿಕ್ಕುವುದಕ್ಕಿಂತ ಎಷ್ಟೋ ಬೇಗ ಕೆಳಗಿಳಿದರೆ ಹೊಮ್ಮುವುದು ಪ್ರತಿದೀಪ್ತಿ. ಕೆಲವೊಮ್ಮೆ ಮೇಲೇರಿದ ಎಲೆಕ್ಟ್ರಾನಿನ ಗಿರಕಿ ತಿರುಗಿಬಿಡುತ್ತದೆ. ಆಗ ಹಿಂದಿರುಗುವ ದಾರಿ ಬಹುಮಟ್ಟಿಗೆ ಮುಚ್ಚಿದಂತೆಯೇ. ಈ ತ್ರಿಕಸ್ಥಿತಿಯಿಂದ ತಡವಾಗಿ ಇಳಿಯುವಾಗ ಹೊರಬರುವ ಬೆಳಕೇ ಸ್ಫುರದೀಪ್ತಿ, ಅಂದರೆ ಫಾಸ್ಫೊರೆಸೆನ್ಸ್ ಎಂದು 1944ರಲ್ಲಿ ಲೂಯಿಸ್ ಮತ್ತು ಮೈಕೆಲ್ ಕಾಶಾ ಪ್ರತಿಪಾದಿಸಿದರು.

ಹೀಗೆ ತಡೆದು ನಿಂತ ಶಕ್ತಿಗೆ ಇಬ್ಬರು ಕಳ್ಳರು: ಅಣುವಿನ ಸ್ವಂತ ಅಲುಗಾಟ ಮತ್ತು ಗಾಳಿಯ ಆಮ್ಲಜನಕ. ಆದುದರಿಂದಲೇ ಸಾವಯವ ವಸ್ತುಗಳ ಸ್ಫುರದೀಪ್ತಿಯನ್ನು ಬಹುಕಾಲ −196 ಡಿಗ್ರಿಯ ದ್ರವ ಸಾರಜನಕದಲ್ಲಿ ಹೆಪ್ಪುಗಟ್ಟಿಸಿ ನೋಡುವುದೇ ವಾಡಿಕೆಯಾಗಿತ್ತು. ಬೋರಿಕ್ ಗಾಜು ಅಣುವನ್ನು ಬಿಗಿಹಿಡಿದು ಆಮ್ಲಜನಕವನ್ನೂ ದೂರವಿಡುತ್ತದೆ. ಒತ್ತಾಗಿ ಜೋಡಿಸಿಕೊಂಡ ಹರಳುಗಳೂ ಈ ಕೆಲಸ ಮಾಡಬಲ್ಲವು. 2015ರಲ್ಲಿ ಚೀನಾ ಮತ್ತು ಸಿಂಗಪುರದ ಸಂಶೋಧಕರು ಕೋಣೆಯ ಉಷ್ಣತೆಯಲ್ಲೇ 1.35 ಸೆಕೆಂಡಿನವರೆಗೆ ಆಯುಷ್ಯವುಳ್ಳ ಸ್ಫುರದೀಪ್ತಿಯನ್ನು ತೋರಿಸಿದರು.

ನಿಮ್ಮ ಮಕ್ಕಳ ಮಲಗುವ ಕೋಣೆಯ ಛಾವಣಿಗಂಟಿಸಿದ ನಕ್ಷತ್ರಗಳು ಇದಕ್ಕಿಂತ ಎಷ್ಟೋ ಹೆಚ್ಚು ಹೊತ್ತು ಬೆಳಗುವುದಿಲ್ಲವೇ ಎಂದು ಕೇಳಬಹುದು. ನಿಜ, ಆದರೆ ಅವು ಖನಿಜ ಜಾತಿಯವು. ಅವುಗಳಲ್ಲಿ ಉತ್ತಮವಾದುವಕ್ಕೆ ಯುರೋಪಿಯಂ, ಡಿಸ್ಪ್ರೋಸಿಯಂಗಳಂತಹ ವಿರಳ ಲೋಹಗಳು ಬೇಕು. 2017ರಲ್ಲಿ ಜಪಾನಿನ ಕ್ಯೂಶೂ ವಿಶ್ವವಿದ್ಯಾಲಯದ ಕಾಬೆ ಮತ್ತು ಅದಾಚಿ ಅವರು ಎರಡು ಸಾವಯವ ವಸ್ತುಗಳ ಮಿಶ್ರಣವನ್ನು ಒಂದು ಗಂಟೆಗೂ ಮೀರಿ ಬೆಳಗಿಸಿದರು. ಅಲ್ಲಿ ವಿದ್ಯುದಂಶಗಳು ಬೇರ್ಪಟ್ಟು ನಿಧಾನವಾಗಿ ಮರಳಿ ಕೂಡುವುದರಿಂದ ಅದು ಕಟ್ಟುನಿಟ್ಟಾದ ಅರ್ಥದಲ್ಲಿ ಸ್ಫುರದೀಪ್ತಿಯಲ್ಲ.

ನಮಗೆ ಎಲ್ಲಕ್ಕಿಂತ ರುಚಿಸಿದುದು ಕಾರ್ಬಜೋಲ್‌ನ ಕಥೆ. ಕಲ್ಲಿದ್ದಲ ಟಾರಿನಿಂದ ದೊರೆಯುವ ಈ ವಸ್ತುವಿನಿಂದ ತಯಾರಿಸಿದ ಹಲವು ಹರಳುಗಳು ಸೊಗಸಾಗಿ ಬೆಳಗುತ್ತಿದ್ದುವು. ಅದಕ್ಕೆ ಅಣುಗಳ ಜೋಡಣೆಯೇ ಕಾರಣವೆಂದು ವಿದ್ವತ್ಪೂರ್ಣ ಲೇಖನಗಳು ಬಂದುವು. ಸಿಂಗಪುರದಲ್ಲಿ ಬಿನ್ ಲಿಯು ಅವರ ತಂಡವು ಕಾರ್ಬಜೋಲನ್ನು ಅಂಗಡಿಯಿಂದ ತರದೆ ತಾನೇ ತಯಾರಿಸಿ ನೋಡಿತು. ದೀರ್ಘ ಹೊಳಪು ಬಹುತೇಕ ಇಲ್ಲವಾಯಿತು! ಮಾರಾಟದ ಸರಕಿನಲ್ಲಿ ಶೇಕಡ ಅರ್ಧಕ್ಕೂ ಕಡಿಮೆಯಿದ್ದ ಒಂದು ಸೋದರ ಅಣುವೇ ಬೆಳಕಿನ ಮೂಲವೆಂದು 2021ರಲ್ಲಿ ಪ್ರಕಟವಾದ ಅವರ ಲೇಖನ ತೋರಿಸಿತು. ಗುಣ ಮದ್ದಿನದೋ ಕಲಬೆರಕೆಯದೋ ಎಂಬ ಸಂದೇಹ ವೈದ್ಯರಿಗೆ ಹೊಸದಲ್ಲ. ಆದರೂ ನಾವು ಬೆರಗಾದೆವು.

ನಮ್ಮ ಬೆಂಗಳೂರಿನ ಜಕ್ಕೂರಿನಲ್ಲಿರುವ ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದಲ್ಲಿ ಸುಬಿ ಜಾರ್ಜ್ ಅವರ ತಂಡವೂ ಈ ಕ್ಷೇತ್ರದಲ್ಲಿ ದುಡಿದಿದೆ. ಜೇಡಿಯ ಸೂಕ್ಷ್ಮ ಪದರಗಳ ನೆರವಿನಿಂದ ನೀರಿನಲ್ಲಿಯೂ ಸ್ಫುರದೀಪ್ತಿಯನ್ನು ಉಳಿಸಿಕೊಂಡಿರುವುದು ಅವರ ಸಾಧನೆ.

ನೀರಿನ ಮಾತೇಕೆಂದರೆ, ದೇಹವೆಲ್ಲ ನೀರು. ಗಂತಿಯ ಅಂಚನ್ನು ಹೊಳಪಿನಿಂದ ಗುರುತಿಸಹೊರಟಾಗ ಸುತ್ತಲಿನ ಆರೋಗ್ಯವಂತ ಅಂಗಾಂಶವೂ ತನ್ನಷ್ಟಕ್ಕೆ ತಾನೇ ಮಿನುಗಿ ಶಸ್ತ್ರವೈದ್ಯನ ಕಣ್ಣು ಕಟ್ಟುತ್ತದೆ. ಆ ಮಿನುಗು ದೀಪದೊಂದಿಗೇ ಆರುವಂತಹುದು. ದೀಪವಾರಿಸಿ ಅರೆಗಳಿಗೆ ಕಾದರೆ ಉಳಿಯುವುದು ನಾವು ಸೇರಿಸಿದ ವಸ್ತುವಿನ ಬೆಳಕು ಮಾತ್ರ. ಇಲಿಗಳಲ್ಲಿ ಇದನ್ನು ಮಾಡಿ ನೋಡಿದ್ದಾರೆ. ಮನುಷ್ಯರಿಗೆ ಬಳಸುವ ಮುನ್ನ ಎರಡು ತೊಡಕುಗಳು ನೀಗಬೇಕು: ಈ ವಸ್ತುಗಳಲ್ಲಿ ಹಲವು ಹಸಿರು ಹಳದಿಯಾಗಿ ಬೆಳಗುತ್ತವೆ, ಅದನ್ನು ರಕ್ತವು ಹೀರಿಕೊಳ್ಳುತ್ತದೆ, ಇನ್ನು, ಈ ಬೆಳಕನ್ನು ಕದಿಯುವ ಆಮ್ಲಜನಕವನ್ನು ದೇಹದಿಂದ ಹೊರಗಿಡುವುದಂತೂ ನಮ್ಮಿಂದಾಗದು.