ಹೊಟ್ಟೆಯೊಳಗೊಂದು ಬೈಪಾಸ್ ರಸ್ತೆ

ದಾವಣಗೆರೆಯ ಎಂ.ಸಿ.ಸಿ. ಬಡಾವಣೆಯ ಮಕ್ಕಳಿಗೆ ‘ಬೈಪಾಸ್’ ಎಂದರೇನೆಂದು ಹೇಳಿಕೊಡಬೇಕಿಲ್ಲ. ಊರೊಳಗಿನ ಹಳೇ ಪಿ.ಬಿ. ರಸ್ತೆ ಎಷ್ಟೇ ಗಿಜಿಗುಡಲಿ, ಪುಣೆ–ಬೆಂಗಳೂರು ಲಾರಿಗಳು ಊರ ಹೊರಗಿನ ಹೆದ್ದಾರಿಯಲ್ಲಿ ಸರಾಗವಾಗಿ ಸಾಗುತ್ತವೆ. ಇಂಥದ್ದೇ ಬಳಸುದಾರಿಯನ್ನು ವೈದ್ಯರು ಮನುಷ್ಯನ ಹೊಟ್ಟೆಯೊಳಗೂ ಮಾಡುತ್ತಾರೆ. ಅದೂ ಹೊಟ್ಟೆ ಕೊಯ್ಯದೆ!

ನಾವು ತಿಂದದ್ದು ಮೊದಲು ಜಠರಕ್ಕೆ ಇಳಿಯುತ್ತದೆ. ಅಲ್ಲಿ ನುಣ್ಣಗಾಗಿ ಸಣ್ಣ ಕರುಳಿಗೆ ಹೋಗುತ್ತದೆ. ಹೆಸರಿಗಷ್ಟೇ ಸಣ್ಣದು, ಅದರ ಉದ್ದ ಸುಮಾರು 6 ಮೀಟರ್! ಜಠರದ ಅಥವಾ ಮೇದೋಜೀರಕ ಗ್ರಂಥಿಯ ಕ್ಯಾನ್ಸರ್ ಬಲಿತಾಗ ಗಡ್ಡೆಯು ಕೆಲವೊಮ್ಮೆ ಕರುಳಿನ ಬಾಗಿಲನ್ನೇ ಮುಚ್ಚಿಬಿಡುತ್ತದೆ. ಹೊಟ್ಟೆ ಉಬ್ಬರಿಸುತ್ತದೆ, ಪದೇ ಪದೇ ವಾಂತಿಯಾಗುತ್ತದೆ. ಇಂಥ ಕಾಯಿಲೆಯ ಅಜ್ಜಿ ತಟ್ಟೆ ಸರಿಸಿದರೆ ಅದು ಹಟವಲ್ಲ ಮಕ್ಕಳೇ, ಒಳಗೆ ದಾರಿಯೇ ಕಟ್ಟಿದೆ.

ಇದಕ್ಕೆ ಹಳೆಯ ಉಪಾಯ ಶಸ್ತ್ರಚಿಕಿತ್ಸೆ. 1881ರಲ್ಲಿ ವಿಯೆನ್ನಾದ ಆಂಟನ್ ವೋಲ್ಫ್ಲರ್ ಎಂಬ ವೈದ್ಯರು ಜಠರವನ್ನು ನೇರವಾಗಿ ಕರುಳಿಗೆ ಹೊಲಿದು ಹೊಸ ದಾರಿ ಮಾಡಿದರು. ಆದರೆ ಕಾಯಿಲೆಯಿಂದ ಸೊರಗಿದ ದೇಹಕ್ಕೆ ದೊಡ್ಡ ಆಪರೇಷನ್ ತಡೆದುಕೊಳ್ಳುವುದು ಕಷ್ಟ.

ಕೊಯ್ಯದೆ ಒಳಗೆ ನೋಡುವುದು ಹೇಗೆ? ಪಂಜಾಬಿನಲ್ಲಿ ಹುಟ್ಟಿದ ನರಿಂದರ್ ಸಿಂಗ್ ಕಪಾನಿ, ಕೂದಲೆಳೆಯಂಥ ಗಾಜಿನ ಎಳೆಗಳ ಕಟ್ಟಿನ ಮೂಲಕ ಚಿತ್ರ ಸಾಗಿಸಬಹುದೆಂದು 1954ರಲ್ಲಿ ತೋರಿಸಿದರು. 1957ರಲ್ಲಿ ಬೇಸಿಲ್ ಹಿರ್ಷೋವಿಟ್ಜ್ ಅಂಥ ಎಳೆಗಳಿಂದ ಮಾಡಿದ, ಬಾಗುವ ಎಂಡೋಸ್ಕೋಪನ್ನು ಮೊದಲು ತಾವೇ ನುಂಗಿ ನೋಡಿದರು!

ಇಂದು ಬಾಯಿಯಿಂದ ಇಳಿಸುವ ಕೆಲವು ಎಂಡೋಸ್ಕೋಪುಗಳ ತುದಿಯಲ್ಲಿ ಪುಟ್ಟ ಅಲ್ಟ್ರಾಸೌಂಡ್ ಯಂತ್ರವೂ ಇರುತ್ತದೆ. ಜಠರದ ಗೋಡೆಯಾಚೆ ಅಂಟಿದಂತಿರುವ ಕರುಳಿನ ಸುರುಳಿ ಅದರಲ್ಲಿ ಕಾಣುತ್ತದೆ. ಆ ಸುರುಳಿಗೆ ನೀರು ತುಂಬಿಸಿ ಉಬ್ಬಿಸುತ್ತಾರೆ. ಬಳಿಕ ಎರಡೂ ಗೋಡೆಗಳಿಗೆ ರಂಧ್ರ ಮಾಡಿ, ಡಮರುವಿನಾಕಾರದ ಲೋಹದ ಜಾಲರಿ ಕೊಳವೆಯೊಂದನ್ನು ಕೂರಿಸುತ್ತಾರೆ. ಅದೇ ಸ್ಟೆಂಟ್. ಊಟ ಇನ್ನು ಗಡ್ಡೆಯತ್ತ ಹೋಗದೆ ಈ ಕಿಂಡಿಯಿಂದ ಕರುಳಿಗಿಳಿಯುತ್ತದೆ. ಕಟ್ಟಿದ ಜಾಗದಲ್ಲೇ ಸ್ಟೆಂಟ್ ಇಡುವ ಕ್ರಮವೂ ಇದೆ. ಆದರೆ ಜಾಲರಿಯೊಳಕ್ಕೆ ಗಡ್ಡೆ ಬೆಳೆದು ಮತ್ತೆ ಮುಚ್ಚಬಹುದು.

ಒಂದು ಮಾತು ಸ್ಪಷ್ಟವಿರಲಿ. ಈ ಬೈಪಾಸ್ ಕ್ಯಾನ್ಸರನ್ನು ಗುಣಪಡಿಸುವುದಿಲ್ಲ. ಎಲ್ಲರಿಗೂ ಒಗ್ಗುವುದೂ ಇಲ್ಲ. ಕರುಳು ಹಲವು ಕಡೆ ಕಟ್ಟಿದ್ದರೆ, ಹೊಟ್ಟೆಯಲ್ಲಿ ಬಹಳ ನೀರು ತುಂಬಿದ್ದರೆ ಬೇರೆ ದಾರಿ ಹುಡುಕಬೇಕು. ಸ್ಟೆಂಟ್ ಜರುಗುವ, ರಕ್ತಸ್ರಾವವಾಗುವ ಅಪಾಯವೂ ಉಂಟು. ಪಳಗಿದ ವೈದ್ಯರಿರುವ ದೊಡ್ಡ ಆಸ್ಪತ್ರೆಗಳಲ್ಲೇ ಇದನ್ನು ಮಾಡಬೇಕು.

ಹಾಗಾದರೆ ಲಾಭವೇನು? ವಾಂತಿ ನಿಂತು ಒಂದು ಲೋಟ ಗಂಜಿ ಹೊಟ್ಟೆಯಲ್ಲಿ ಉಳಿದರೆ, ಬೇಗ ಮನೆಗೆ ಮರಳಿ ತಮ್ಮವರ ನಡುವೆ ಕೂತರೆ, ಅದು ಸಣ್ಣ ಲಾಭವೇ? ನೋವು, ಸಂಕಟ ತಗ್ಗಿಸುವ ಇಂಥ ಚಿಕಿತ್ಸೆಗೆ ಉಪಶಮನ ಆರೈಕೆ ಎನ್ನುತ್ತಾರೆ. ಬೆಂಗಳೂರಿನ ಕರುಣಾಶ್ರಯದಲ್ಲಿ ಗುಣವಾಗದ ಹಂತದ ಕ್ಯಾನ್ಸರ್ ರೋಗಿಗಳಿಗೆ ಇಂಥ ಆರೈಕೆ ಉಚಿತವಾಗಿ ಸಿಗುತ್ತದೆ.

ಸ್ಟೆಂಟ್ ಹಾಕಿಸಿಕೊಂಡವರಿಗೆ ಮೊದಲು ನೀರು, ತಿಳಿಗಂಜಿ. ಬಳಿಕ ವೈದ್ಯರು ಹೇಳಿದಂತೆ ಮೆತ್ತನೆಯ ಅನ್ನ. ನಾರಿನ ಸೊಪ್ಪು, ಮಂಡಕ್ಕಿ–ಮಿರ್ಚಿ ಬೇಡ. ಮಕ್ಕಳೇ, ಅಜ್ಜನಿಗೆ “ಇನ್ನೊಂದು ತುತ್ತು” ಎಂದು ಬಲವಂತ ಮಾಡಬೇಡಿ. ಎರಡು ಚಮಚ ಸಾಕೆಂದರೆ ಸಾಕು. ಹಿರಿಯರೇ, ವಾಂತಿಯನ್ನು ಮುಚ್ಚಿಡಬೇಡಿ. ಬೇಗ ಹೇಳಿದರೆ ವೈದ್ಯರಿಗೂ ದಾರಿ ಹುಡುಕಲು ಸಮಯ ಸಿಗುತ್ತದೆ.