ಏರುಪೇರು: ಯಾವುದಕ್ಕೆ ಗಾಬರಿ, ಯಾವುದಕ್ಕೆ ಸಮಾಧಾನ?

ಮಕ್ಕಳೇ, ಒಂದೇ ಹಿಟ್ಟು, ಒಂದೇ ಕಾವಲಿ, ಒಂದೇ ಸೌಟು. ಆದರೂ ಹತ್ತು ದೋಸೆ ಹುಯ್ದರೆ ಯಾವ ಎರಡೂ ತದ್ರೂಪ ಇರೋದಿಲ್ಲ, ಅಲ್ವಾ? ಕಾರ್ಖಾನೆಯಲ್ಲೂ ಹಾಗೇ. 500 ಗ್ರಾಂ ಪೊಟ್ಟಣಕ್ಕೆ ಸಕ್ಕರೆ ತುಂಬುವ ಯಂತ್ರ ಒಮ್ಮೆ 501 ಗ್ರಾಂ ಹಾಕುತ್ತೆ, ಇನ್ನೊಮ್ಮೆ 503. ಇದನ್ನು ಪೂರ್ತಿ ಇಲ್ಲವಾಗಿಸೋಕೆ ಆಗಲ್ಲ. ಹಾಗಾದರೆ ಯಾವ ವ್ಯತ್ಯಾಸ ಕಂಡಾಗ ಯಂತ್ರ ನಿಲ್ಲಿಸಿ ನೋಡಬೇಕು? ಯಾವುದನ್ನು ಅದರ ಪಾಡಿಗೆ ಬಿಡಬೇಕು?

ಈ ಪ್ರಶ್ನೆಗೆ ಉತ್ತರ ಕೊಟ್ಟವರು ವಾಲ್ಟರ್ ಶೂಹಾರ್ಟ್. ಅಮೆರಿಕದಲ್ಲಿ ಟೆಲಿಫೋನ್ ಉಪಕರಣ ತಯಾರಿಸುತ್ತಿದ್ದ ವೆಸ್ಟರ್ನ್ ಎಲೆಕ್ಟ್ರಿಕ್ ಕಂಪನಿಯಲ್ಲಿ ಅವರು ಎಂಜಿನಿಯರ್. 1924ರ ಮೇ 16ರಂದು ತಮ್ಮ ಮೇಲಧಿಕಾರಿಗೆ ಒಂದು ಪುಟದ ಟಿಪ್ಪಣಿ ಬರೆದು, ಅದರಲ್ಲಿ ಒಂದು ಚಿತ್ರ ಹಾಕಿದರು. ಅದೇ ಇವತ್ತಿನ ‘ಕಂಟ್ರೋಲ್ ಚಾರ್ಟ್’.

ಶೂಹಾರ್ಟ್ ಹೇಳಿದ್ದು ಇಷ್ಟು: ಏರುಪೇರಿಗೆ ಎರಡು ಬಗೆಯ ಕಾರಣಗಳಿವೆ. ಒಂದು, ದಿನನಿತ್ಯದ ನೂರಾರು ಸಣ್ಣ ಕಾರಣಗಳು. ಸಕ್ಕರೆ ಸ್ವಲ್ಪ ತೇವ, ಯಂತ್ರ ಸ್ವಲ್ಪ ಅಲುಗಾಟ. ಇವು ಯಾವಾಗಲೂ ಇರುತ್ತವೆ. ಇನ್ನೊಂದು, ವಿಶೇಷ ಕಾರಣ. ಸ್ಪ್ರಿಂಗ್ ಮುರಿದಿದೆ, ಬಾಗಿಲು ಸಿಕ್ಕಿಕೊಂಡಿದೆ. ಇದನ್ನು ಹುಡುಕಿ ಸರಿಪಡಿಸಬೇಕು.

ಎರಡನ್ನೂ ಬೇರೆ ಮಾಡೋದು ಹೇಗೆ? ಲೆಕ್ಕ ಸುಲಭ, ಪೆನ್ಸಿಲ್ ತಗೊಳ್ಳಿ. ಗಂಟೆಗೊಂದು ಪೊಟ್ಟಣ ತೂಗಿದಾಗ ಬಂದ ಗ್ರಾಂ ಇವು:

502, 503, 501, 504, 502, 500, 503, 502, 501, 502

ಇವುಗಳ ಸರಾಸರಿ 502. ಇದು ನಡುಗೆರೆ. ಈಗ ಅಕ್ಕಪಕ್ಕದ ಸಂಖ್ಯೆಗಳ ವ್ಯತ್ಯಾಸ ಬರೀರಿ: 1, 2, 3, 2, 2, 3, 1, 1, 1. ಒಟ್ಟು 16, ಅದನ್ನು 9ರಿಂದ ಭಾಗಿಸಿದರೆ ಸುಮಾರು 1.78. ಇದನ್ನು 2.66ರಿಂದ ಗುಣಿಸಿ. 2.66 ಅನ್ನೋದು ಸಂಖ್ಯಾಶಾಸ್ತ್ರಜ್ಞರು ಲೆಕ್ಕ ಹಾಕಿಟ್ಟಿರುವ ಅಂಕಿ. ಉತ್ತರ ಸುಮಾರು 4.7. ನಡುಗೆರೆಯಿಂದ ಅಷ್ಟು ಮೇಲೆ, ಅಂದರೆ 506.7ಕ್ಕೆ, ಒಂದು ಗೆರೆ. ಅಷ್ಟೇ ಕೆಳಗೆ, 497.3ಕ್ಕೆ, ಇನ್ನೊಂದು ಗೆರೆ. ಕಾರ್ಖಾನೆಗಳಲ್ಲಿ ಇದಕ್ಕಿಂತ ಹೆಚ್ಚು ಅಳತೆಗಳನ್ನು ತಗೊಳ್ತಾರೆ, ಆದರೆ ವಿಧಾನ ಇದೇ.

ಚುಕ್ಕೆಗಳು ಎರಡು ಗೆರೆಗಳ ಒಳಗೆ ಅಡ್ಡಾದಿಡ್ಡಿಯಾಗಿ ಇದ್ದರೆ ಯಂತ್ರವನ್ನು ಮುಟ್ಟಬೇಡಿ. ಒಂದು ಚುಕ್ಕೆ ಹೊರಗೆ ಬಿದ್ದರೆ ಕಾರಣ ಹುಡುಕಿ. ಒಳಗೇ ಇದ್ದರೂ ಎಂಟು ಚುಕ್ಕೆ ಸಾಲಾಗಿ ನಡುಗೆರೆಯ ಒಂದೇ ಕಡೆ ಬಿದ್ದರೆ, ಆಗಲೂ ಏನೋ ಬದಲಾಗಿದೆ ಅಂತ ಅರ್ಥ.

“ಸ್ವಲ್ಪ ಹೆಚ್ಚುಕಮ್ಮಿ ಆದಾಗಲೆಲ್ಲ ಸ್ಕ್ರೂ ತಿರುಗಿಸಿ ಸರಿಮಾಡಿದರೆ ಒಳ್ಳೇದಲ್ವಾ?” ಅಂತ ನೀವು ಕೇಳಬಹುದು. ಪರೀಕ್ಷೆ ಮಾಡಿ ನೋಡಿ. ಕಾಗದದ ಮೇಲೆ ಒಂದು ಗುರುತು ಹಾಕಿ, ಅದರ ಮೇಲೆ ಫನಲ್ ಹಿಡಿದು 30 ಸಲ ಗೋಲಿ ಬೀಳಿಸಿ. ಗೋಲಿ ನಿಂತಲ್ಲೆಲ್ಲ ಚುಕ್ಕೆ ಇಡಿ. ಆಮೇಲೆ ಇನ್ನೊಂದು ಕಾಗದದಲ್ಲಿ, ಗೋಲಿ ಎಷ್ಟು ಬಲಕ್ಕೆ ತಪ್ಪಿತೋ ಫನಲ್ ಅನ್ನು ಇದ್ದಲ್ಲಿಂದ ಅಷ್ಟೇ ಎಡಕ್ಕೆ ಸರಿಸುತ್ತಾ 30 ಸಲ ಬೀಳಿಸಿ. ಎರಡನೇ ಕಾಗದದ ಚುಕ್ಕೆಗಳೇ ಹೆಚ್ಚು ಚದುರಿರುತ್ತವೆ! ಎಡ್ವರ್ಡ್ಸ್ ಡೆಮಿಂಗ್ ಈ ಪ್ರಯೋಗವನ್ನು ತಮ್ಮ ತರಗತಿಗಳಲ್ಲಿ ತೋರಿಸುತ್ತಿದ್ದರು. ಶೂಹಾರ್ಟ್ ಅವರ ವಿಚಾರಗಳನ್ನು 1950ರಲ್ಲಿ ಜಪಾನಿನ ಎಂಜಿನಿಯರುಗಳಿಗೆ ಕಲಿಸಿದವರೂ ಇವರೇ.

ಭಾರತಕ್ಕೂ ಈ ವಿದ್ಯೆ ಬೇಗನೇ ಬಂತು. ಭಾರತೀಯ ಸಂಖ್ಯಾಶಾಸ್ತ್ರ ಸಂಸ್ಥೆ ಕಟ್ಟಿದ ಪಿ. ಸಿ. ಮಹಲನೋಬಿಸ್ ಅವರ ಆಹ್ವಾನದ ಮೇಲೆ ಶೂಹಾರ್ಟ್ 1947-48ರಲ್ಲಿ ಭಾರತ ಸುತ್ತಿದರು. ಆ ಸಂಸ್ಥೆಯ ಬೆಂಗಳೂರು ಕೇಂದ್ರದಲ್ಲಿ ಗುಣಮಟ್ಟ ನಿಯಂತ್ರಣಕ್ಕೇ ಒಂದು ವಿಭಾಗವಿದೆ.

ಇನ್ನು ಅಪ್ಪ ಅಮ್ಮಂದಿರಿಗೆ ಒಂದು ಮಾತು. ಮಗುವಿನ ವಾರದ ಪರೀಕ್ಷೆಯ ಅಂಕಗಳಿಗೂ ಇದೇ ಚಾರ್ಟ್ ಬರೆದು ನೋಡಿ. ಇಪ್ಪತ್ತಕ್ಕೆ ಒಂದು ವಾರ 17, ಮುಂದಿನ ವಾರ 14. ಎರಡೂ ಗೆರೆಗಳ ಒಳಗಿದ್ದರೆ 17ಕ್ಕೆ ಐಸ್‌ಕ್ರೀಮೂ ಬೇಡ, 14ಕ್ಕೆ ಬೈಗುಳವೂ ಬೇಡ. ಮಗು ಅದೇ, ಓದೂ ಅದೇ. ಬೈದ ಮೇಲೆ ಅಂಕ ಏರಿದರೆ ಬೈಗುಳದಿಂದಲೇ ಏರಿತು ಅಂದುಕೊಳ್ಳುತ್ತೇವೆ. ತುಂಬಾ ಕಡಿಮೆ ಬಂದ ಮೇಲೆ ಸರಾಸರಿಯ ಕಡೆಗೆ ಏರೋದು ಸಹಜ, ಅಷ್ಟೇ. ಆದರೆ ಅಂಕ ಇದ್ದಕ್ಕಿದ್ದಂತೆ ಗೆರೆಯ ಕೆಳಗೆ ಬಿದ್ದರೆ ಬೈಯುವ ಮೊದಲು ಕೇಳಿ: ಬೋರ್ಡ್ ಕಾಣಿಸ್ತಾ ಇದೆಯಾ? ಶಾಲೆಯಲ್ಲಿ ಯಾರಾದರೂ ಕಾಟ ಕೊಡ್ತಿದ್ದಾರಾ? ಅಲ್ಲಿ ವಿಶೇಷ ಕಾರಣ ಇರುವ ಸಂಭವ ಹೆಚ್ಚು.

ಸರಾಸರಿಯೇ ಮೇಲೇರಬೇಕು ಅಂತಿದ್ದರೆ? ಆಗ ಬದಲಾಗಬೇಕಾದ್ದು ಓದಿಸುವ ರೀತಿ, ಮಲಗುವ ಹೊತ್ತು, ಜೊತೆಗೆ ಕೂತು ಓದುವ ಅರ್ಧ ಗಂಟೆ. 500 ಗ್ರಾಂ ಸರಿಯಾಗಿ ತುಂಬದ ಯಂತ್ರದ ಮುಂದೆ ಕೂಗಾಡಿ ಯಾರೂ ಸಕ್ಕರೆ ಸರಿಮಾಡಿಲ್ಲ.