ಚಹಾಭಾವವನ್ನು ಕೈಯಲ್ಲಿ ಹಿಡಿಯುವ ಆಟ

ಹಾಸ್ಯವು ಬಹು ಬೇಗನೆ ಹಳಸುವ ಪದಾರ್ಥ. ಹತ್ತು ವರ್ಷಗಳ ಹಿಂದೆ ಊರನ್ನೆಲ್ಲ ನಗಿಸಿದ ವಿನೋದೋಕ್ತಿಯನ್ನು ಇಂದು ಹೇಳಿದರೆ, ಕೇಳುವವರು ಸೌಜನ್ಯಕ್ಕಾಗಿ ಮುಗುಳ್ನಗುವುದೇ ಹೆಚ್ಚು. ಯಂತ್ರಗಳಾದರೋ ಅದಕ್ಕಿಂತಲೂ ಬೇಗ ಮುಪ್ಪಾಗುತ್ತವೆ. ಹೀಗಿರಲು, ಗಣಕಯಂತ್ರದಲ್ಲಿ ಆಡುವ ಹಾಸ್ಯದ ಆಟವೊಂದು ೧೯೮೪ರಲ್ಲಿ ಹುಟ್ಟಿ, ಅದನ್ನು ಬರೆದ ಲೇಖಕರು ಗತಿಸಿದ ಮೇಲೂ, ಹೊರತಂದ ಸಂಸ್ಥೆ ಮುಚ್ಚಿದ ಮೇಲೂ, ಇಂದಿಗೂ ಆಡುವವರನ್ನು ನಗಿಸುತ್ತ, ಗೋಳುಹೊಯ್ದುಕೊಳ್ಳುತ್ತ ಬಾಳುತ್ತಿರುವುದೆಂದರೆ, ಕಾರಣವನ್ನು ವಿಚಾರಿಸತಕ್ಕ ಸಂಗತಿಯೇ ಸರಿ. ‘ದಿ ಹಿಚ್‌ಹೈಕರ್ಸ್ ಗೈಡ್ ಟು ದಿ ಗ್ಯಾಲಕ್ಸಿ’ ಎಂಬುದು ಅದರ ಹೆಸರು. ಹಾದಿಯಲ್ಲಿ ಹೋಗುವ ವಾಹನಕ್ಕೆ ಕೈಯೊಡ್ಡಿ ಬಿಟ್ಟಿ ಪ್ರಯಾಣ ಮಾಡುವವನಿಗಾಗಿ ಬರೆದ ನಕ್ಷತ್ರಮಂಡಲದ ಕೈಪಿಡಿ ಎಂದು ಅದರ ತಾತ್ಪರ್ಯ.

ಕಥೆಯು ಮೊದಲು ಹುಟ್ಟಿದ್ದು ರೇಡಿಯೋದಲ್ಲಿ. ಇಂಗ್ಲೆಂಡಿನ ಡಗ್ಲಸ್ ಆಡಮ್ಸ್ (೧೯೫೨–೨೦೦೧) ಎಂಬವರು ೧೯೭೮ರಲ್ಲಿ ಬಿ.ಬಿ.ಸಿ.ಗಾಗಿ ಇದನ್ನು ನಾಟಕಮಾಲೆಯಾಗಿ ಬರೆದು, ಮರುವರ್ಷ ಕಾದಂಬರಿಯನ್ನಾಗಿ ಪ್ರಕಟಿಸಿದರು. ಆರ್ಥರ್ ಡೆಂಟನೆಂಬ ಸಾಧು ಗೃಹಸ್ಥನ ಮನೆಯನ್ನು ಹೊಸ ರಸ್ತೆಗಾಗಿ ಕೆಡವಲು ಒಂದು ಬೆಳಗ್ಗೆ ಬುಲ್‌ಡೋಜರ್ ಬರುತ್ತದೆ. ಅವನು ಅದಕ್ಕೆ ಅಡ್ಡಲಾಗಿ ಮಲಗಿ ಪ್ರತಿಭಟಿಸಿದ ದಿನವೇ, ಅಂತರಿಕ್ಷದಲ್ಲಿ ಹೆದ್ದಾರಿ ಹಾಕುವ ಸಲುವಾಗಿ ಭೂಮಂಡಲವನ್ನೇ ಕೆಡವಲು ವೋಗನರೆಂಬ ಅನ್ಯಲೋಕದ ಅಧಿಕಾರಿಗಳು ಬಂದಿಳಿಯುತ್ತಾರೆ! ಅಮೆರಿಕಾದ ಇನ್ಫೋಕಾಮ್ ಸಂಸ್ಥೆಯ ಸ್ಟೀವ್ ಮೆರೆಟ್ಸ್ಕಿಯವರೊಡನೆ ಕುಳಿತು ಆಡಮ್ಸರು ಈ ಕಥೆಯನ್ನು ಆಟವಾಗಿ ಮಾರ್ಪಡಿಸಿದರು.

ವಾಚಕರು ಚಿತ್ರಗಳನ್ನು ನಿರೀಕ್ಷಿಸಬಾರದು. ಮೂಲದ ಆಟದಲ್ಲಿ ಒಂದೇ ಒಂದು ಚಿತ್ರವೂ ಇಲ್ಲ. ಪರದೆಯ ಮೇಲೆ ಕೆಲವು ವಾಕ್ಯಗಳು ಮೂಡುತ್ತವೆ. ‘ದೀಪವನ್ನು ಹಚ್ಚು’, ‘ಅಂಗಿಯನ್ನು ತೆಗೆದುಕೋ’ ಎಂದು ಇಂಗ್ಲಿಷಿನಲ್ಲಿ ನಾವು ಬರೆದರೆ, ಯಂತ್ರವು ಅದರ ಫಲವನ್ನು ವಾಕ್ಯಗಳಲ್ಲಿಯೇ ತಿಳಿಸುತ್ತದೆ. ಚಿರಾಯುಸ್ಸಿನ ಮೊದಲನೆಯ ಕಾರಣ ಇದೇ. ಆ ಕಾಲದ ಯಂತ್ರಚಿತ್ರಗಳು ಇಂದು ಬಣ್ಣದ ಹೆಂಚಿನ ಚೂರುಗಳಂತೆ ಕಾಣುತ್ತವೆ. ಒಳ್ಳೆಯ ವಾಕ್ಯವಾದರೋ ಬರೆದ ದಿನ ಹೇಗಿತ್ತೋ ಇಂದಿಗೂ ಹಾಗೆಯೇ ಇದೆ. ಇನ್ಫೋಕಾಮಿನವರು ಮತ್ತೊಂದು ಜಾಣತನವನ್ನೂ ಮಾಡಿದ್ದರು. ತಮ್ಮ ಆಟಗಳನ್ನು ಯಾವೊಂದು ನಿಜಯಂತ್ರಕ್ಕೂ ಕಟ್ಟಿಹಾಕದೆ, ಕಲ್ಪಿತ ಯಂತ್ರವೊಂದರ ಭಾಷೆಯಲ್ಲಿ ರಚಿಸುತ್ತಿದ್ದರು. ಹೊಸ ಗಣಕ ಬಂದಾಗಲೆಲ್ಲ ಆ ಭಾಷೆಯನ್ನು ತಿಳಿಸುವ ದುಭಾಷಿಯೊಬ್ಬನನ್ನು ಒದಗಿಸಿದರೆ ಸಾಕು, ಆಟವು ಹೊಸ ದೇಹವನ್ನು ಹೊಕ್ಕು ಎದ್ದು ಕೂರುತ್ತದೆ.

ಆದರೆ ಉಳಿದ ಮಾತ್ರಕ್ಕೆ ಜನ ಆಡುವರೇ? ಆಡುವುದು ಅದರ ಕಿಲಾಡಿತನಕ್ಕಾಗಿ. ಕಿವಿಯಲ್ಲಿಟ್ಟುಕೊಂಡರೆ ಸಕಲ ಭಾಷೆಗಳೂ ಅರ್ಥವಾಗುವ ಮೀನೊಂದು ಈ ಕಥೆಯಲ್ಲುಂಟು. ಯಂತ್ರದ ಗುಂಡಿಯನ್ನೊತ್ತಿದರೆ ಮೀನು ಹಾರಿ ಬಂದು ಎದುರು ಗೋಡೆಯ ತೂತಿನೊಳಗೆ ಮಾಯವಾಗುತ್ತದೆ. ತೂತಿನ ಮುಂದೆ ನಿಲುವಂಗಿಯನ್ನು ತೂಗುಹಾಕಿದರೆ, ಮೀನು ಜಾರಿ ನೆಲದ ಮೋರಿಗೆ ಬೀಳುತ್ತದೆ. ಮೋರಿಯ ಮೇಲೆ ಟವೆಲು ಹಾಸಿದರೆ, ಕಸಗುಡಿಸುವ ಯಂತ್ರಮಾನವನೊಬ್ಬ ಓಡಿಬಂದು ಕಸಿದುಕೊಂಡು ಹೋಗುತ್ತಾನೆ. ಅವನ ದಾರಿಗೆ ಚೀಲವನ್ನು ಅಡ್ಡವಿಟ್ಟರೆ, ಮೀನು ಮೇಲಕ್ಕೆ ಚಿಮ್ಮುತ್ತದೆ. ಅಲ್ಲಿ ಕೋಣೆಯ ಮೇಲ್ಭಾಗವನ್ನು ಮಾತ್ರ ಗುಡಿಸುವ ಇನ್ನೊಬ್ಬ ಯಂತ್ರಮಾನವ! ಅವನನ್ನು ಕಾಗದ ಹೆಕ್ಕುವ ಕೆಲಸಕ್ಕೆ ಹಚ್ಚಬೇಕಾದರೆ, ಮನೆಯ ಬಾಗಿಲಿಗೆ ಬಂದಿದ್ದ ಜಾಹಿರಾತಿನ ಟಪಾಲುಗಳನ್ನು ಚೀಲದ ಮೇಲೆ ಇಟ್ಟಿರಬೇಕು. ಪ್ರತಿ ಸೋಲಿನಲ್ಲಿಯೂ ಹೊಸದೊಂದು ನಗೆ. ಸೋತವನಿಗೂ ಬಹುಮಾನ ಕೊಡುವ ಈ ಪದ್ಧತಿಯೇ ಆಟದ ಪ್ರಾಣವೆಂದು ನಮ್ಮ ಮತ. ‘ಮೀನು ನನಗೆ ದೊರಕಿತು’ ಎಂದು ಮುದ್ರಿಸಿದ ಅಂಗಿಗಳನ್ನು ಸಂಸ್ಥೆಯೇ ಮಾರಿತಂತೆ.

ನಮ್ಮ ಮನಸ್ಸನ್ನು ಅತಿಶಯವಾಗಿ ಸೆಳೆದುದು ಚಹದ ಪ್ರಸಂಗ. ನಿನ್ನ ಬಳಿ ಏನೇನಿದೆಯೆಂದು ಕೇಳಿದರೆ, ಯಂತ್ರವು ಉಳಿದ ವಸ್ತುಗಳೊಂದಿಗೆ ‘ಚಹ ಇಲ್ಲ’ ಎಂಬುದನ್ನೂ ಒಂದು ವಸ್ತುವಾಗಿ ಪಟ್ಟಿಯಲ್ಲಿ ಸೇರಿಸಿ ಹೇಳುತ್ತದೆ! ನೆಲದ ಮೇಲೆ ಮಡಕೆ ಇಲ್ಲದಿರುವುದೂ ಒಂದು ಪದಾರ್ಥವೆಂದು ಸಾಧಿಸಿ, ಅಭಾವವನ್ನು ಏಳನೆಯ ಪದಾರ್ಥವಾಗಿ ಎಣಿಸಿದ ನಮ್ಮ ತಾರ್ಕಿಕರನ್ನು ಆಡಮ್ಸರು ಓದಿರಲಾರರು. ಓದಿದವರಿಗೆ ಮಾತ್ರ ಇಲ್ಲಿ ಇಮ್ಮಡಿ ರುಚಿ. (ಚಹಾಭಾವವೆಂದರೆ ವೈಯಾಕರಣರು ಅರಿಸಮಾಸವೆಂದು ಹುಬ್ಬು ಗಂಟಿಕ್ಕಿಯಾರು, ಇರಲಿ.) ಚಹ ಹುಟ್ಟಿದೊಡನೆ ಅದರ ಪ್ರಾಗಭಾವವು ನಾಶವಾಗಬೇಕೆಂಬುದು ಶಾಸ್ತ್ರ. ಆಟದಲ್ಲಾದರೋ ಒಂದು ಬಾಗಿಲನ್ನು ತೆರೆಸಲು ಚಹವನ್ನೂ ಚಹಾಭಾವವನ್ನೂ ಏಕಕಾಲದಲ್ಲಿ ಹಿಡಿದು ನಿಲ್ಲಬೇಕು. ಅದಕ್ಕಾಗಿ ಆಟಗಾರನು ಸೂಕ್ಷ್ಮರೂಪನಾಗಿ ತನ್ನ ಮಿದುಳನ್ನೇ ಹೊಕ್ಕು, ಅಲ್ಲಿರುವ ‘ಸಾಮಾನ್ಯ ವಿವೇಕ’ದ ಕಣವನ್ನು ಕಿತ್ತು ತೆಗೆಯಬೇಕು!

ದೋಷವಿಲ್ಲವೆನ್ನಲಾಗದು. ಆಟದ ಮೊದಲಲ್ಲಿ ಹಳ್ಳಿಯ ಹಾದಿಯಲ್ಲಿ ಒಂದು ನಾಯಿ ಸಿಕ್ಕುತ್ತದೆ. ಅದಕ್ಕೆ ತಿನ್ನಲು ಏನನ್ನೂ ಕೊಡದೆ ಮುಂದೆ ಸಾಗಿದವನಿಗೆ ಆ ಕ್ಷಣದಲ್ಲಿ ಯಾವ ಎಚ್ಚರಿಕೆಯೂ ಇಲ್ಲ. ಬಹಳ ಹೊತ್ತಿನ ಮೇಲೆ, ಅವನು ಅಣುಗಾತ್ರದ ಯುದ್ಧನೌಕೆಗಳೊಡನೆ ಬರುವಾಗ, ಹಸಿದ ಅದೇ ನಾಯಿ ನೌಕೆಗಳನ್ನು ನುಂಗಿಬಿಡುತ್ತದೆ. ಅಲ್ಲಿಗೆ ಆಟ ಮುಗಿಯಿತು, ಮತ್ತೆ ಮೊದಲಿನಿಂದ. ಹಿಂದಿನ ವರ್ಷದ ಪಾಠದ ಮೇಲೆ ಈ ವರ್ಷ ಪ್ರಶ್ನೆ ಕೇಳಿ ನಪಾಸು ಮಾಡುವ ಪರೀಕ್ಷಕನ ಕ್ರೌರ್ಯವಿದು. ಇದನ್ನು ವಿನೋದವೆಂದು ಸಮರ್ಥಿಸುವವರುಂಟು, ನಮಗೆ ಒಪ್ಪಿಗೆಯಿಲ್ಲ. ಯಂತ್ರವು ಸುಳ್ಳು ಹೇಳುವುದು ಮಾತ್ರ ಬೇರೆಯ ಬಗೆ. ನೌಕೆಯ ಒಂದು ಕೋಣೆಗೆ ಹೋಗುವೆನೆಂದರೆ ಅದು ಬೇಡವೆನ್ನುತ್ತದೆ, ಅಲ್ಲಿ ನೋಡತಕ್ಕದ್ದೇನೂ ಇಲ್ಲವೆನ್ನುತ್ತದೆ. ಹಟ ಹಿಡಿದವನಿಗೇ ದಾರಿ. ಚೌಕಾಸಿಯಲ್ಲಿ ಪಳಗಿದ ನಮ್ಮ ಗೃಹಿಣಿಯರು ಇಲ್ಲಿ ಗಂಡಸರಿಗಿಂತ ಮೊದಲು ಗೆಲ್ಲುವರೆಂದು ನಮ್ಮ ಊಹೆ.

ಇನ್ಫೋಕಾಮ್ ೧೯೮೬ರಲ್ಲಿ ಪರಾಧೀನವಾಗಿ, ೧೯೮೯ರಲ್ಲಿ ಬಾಗಿಲು ಮುಚ್ಚಿತು. ೨೦೦೪ರಲ್ಲಿ ಆಟಕ್ಕೆ ಇಪ್ಪತ್ತು ತುಂಬಿದಾಗ ಬಿ.ಬಿ.ಸಿ.ಯವರು ಚಿತ್ರಗಳನ್ನು ಸೇರಿಸಿ ಅಂತರ್ಜಾಲದಲ್ಲಿ ಪ್ರಕಟಿಸಿದರು. ಮೂವತ್ತು ತುಂಬಿದಾಗ, ೨೦೧೪ರಲ್ಲಿ, ಮತ್ತೊಮ್ಮೆ. ಆಜ್ಞೆಗಳನ್ನು ಬರೆಯಲು ಪ್ರೌಢಶಾಲೆಯ ಬಾಲಕನ ಇಂಗ್ಲಿಷು ಸಾಕು. ಉತ್ತರಗಳ ವ್ಯಂಗ್ಯವನ್ನು ಸವಿಯಲು ಮನೆಯ ಹಿರಿಯರೊಬ್ಬರು ಪಕ್ಕದಲ್ಲಿದ್ದರೆ ಮೇಲು. ಒಬ್ಬನು ಬರೆಯುತ್ತಿರಲು ನಾಲ್ವರು ಹಿಂದೆ ನಿಂತು ಸಲಹೆ ಕೂಗುವುದೇ ಇದನ್ನು ಆಡುವ ಸರಿಯಾದ ಕ್ರಮ. ಹೊರಡುವ ಮುನ್ನ ಬಾಗಿಲ ಬಳಿಯ ಟಪಾಲನ್ನು ಮರೆಯದೆ ಎತ್ತಿಕೊಳ್ಳಿರಿ, ನಾಯಿಗೆ ಆ ರೊಟ್ಟಿಯನ್ನು ಹಾಕಿರಿ. ಉಳಿದುದನ್ನು ನಾವು ಹೇಳುವುದಿಲ್ಲ.